ಮೇವು ಬಿಟ್ಟ ಎರಡು ಸಿಕ್ಲಿಡ್: ಒಂದಕ್ಕೆ ಬಾಣಂತನ, ಇನ್ನೊಂದಕ್ಕೆ ಕಾಯಿಲೆ

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಅಕ್ವೇರಿಯಂ ಇದೆ. ಆಫ್ರಿಕಾದ ಸಿಕ್ಲಿಡ್ ಕುಟುಂಬದ ಮೀನುಗಳನ್ನು ಸಾಕಿದ್ದೇನೆ: ಆರು ಯೆಲ್ಲೊ ಲ್ಯಾಬ್, ಐದು ಡೆಮಸೋನಿ, ಎರಡು ರೆಡ್ ಜೀಬ್ರಾ, ಒಂದು ಆರಟಸ್. ಬೋರ್‌ವೆಲ್ ನೀರು, ಪಿಎಚ್ 8.2. ಒಂದು ಯೆಲ್ಲೊ ಲ್ಯಾಬ್ ಹನ್ನೆರಡು ದಿನಗಳಿಂದ ಏನೂ ತಿಂದಿಲ್ಲ, ಗಂಟಲು ಊದಿದೆ. ಒಂದು ಡೆಮಸೋನಿ ನಾಲ್ಕು ದಿನಗಳಿಂದ ಮೇವನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿದೆ, ಮಲ ಬಿಳಿ ದಾರದಂತೆ ಬರುತ್ತಿದೆ. ಎರಡಕ್ಕೂ ಒಂದೇ ಕಾಯಿಲೆ, ಟ್ಯಾಂಕಿಗೆ ನೀಲಿ ಔಷಧ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ದಿನಕ್ಕೆ ಮೂರು ಹೊತ್ತು ಬ್ಲಡ್‌ವರ್ಮ್ ಅಥವಾ ಒಣ ಟ್ಯೂಬಿಫೆಕ್ಸ್ ಹುಳು ಕೊಡುತ್ತೇನೆ, ಭಾನುವಾರ ಕೋಳಿಯ ಹೃದಯದ ಚೂರು. ಏನು ಮಾಡಲಿ? ಜೊತೆಗೆ, ಚಿಕ್ಕ ಟ್ಯಾಂಕಿನಲ್ಲಿರುವ ಏಂಜಲ್ ಮೀನಿನ ಜೋಡಿ ಫಿಲ್ಟರ್ ಕೊಳವೆಯನ್ನು ಕುಕ್ಕುತ್ತಲೇ ಇರುತ್ತದೆ. ನಮ್ಮ ಭಾವನ ಆಸ್ಕರ್ ಮೀನಿನ ತಲೆಯಲ್ಲಿ ಗುಳಿಗಳು ಬಿದ್ದಿವೆ. ಇವೆಲ್ಲ ಒಂದೇ ರೋಗವೇ?

ಉತ್ತರ: ಮೊದಲು ಆ ನೀಲಿ ಔಷಧದ ಬಾಟಲಿಯ ಮುಚ್ಚಳ ಹಾಕಿ ಪಕ್ಕಕ್ಕಿಡಿ. ಅದು ಬಹುತೇಕ ಮೀಥಿಲೀನ್ ಬ್ಲೂ ಇರಬೇಕು. ಮೊಟ್ಟೆಗೆ ಹಿಡಿಯುವ ಬೂಸ್ಟು, ಮೈಮೇಲಿನ ಕೆಲವು ಸೋಂಕುಗಳಿಗೆ ಅದು ಉಪಯುಕ್ತ. ಹೊಟ್ಟೆಯೊಳಗಿನ ತೊಂದರೆಗೆ ಅದರಿಂದ ಏನೂ ಆಗುವುದಿಲ್ಲ. ಮುಖ್ಯ ಟ್ಯಾಂಕಿಗೆ ಸುರಿದರೆ ಫಿಲ್ಟರಿನಲ್ಲಿ ಮೀನಿನ ಹೊಲಸಿನ ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯಗಳಿಗೇ ಪೆಟ್ಟು ಬೀಳುತ್ತದೆ. ಪಿಎಚ್ 8.2 ಇರುವ ನಿಮ್ಮ ನೀರಿನಲ್ಲಿ ಅದು ಇನ್ನೂ ಅಪಾಯ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯದ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ; 8.2ಕ್ಕೆ ಬಂದಾಗ, 27–28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ವಿಷವಾಗಿಬಿಡುತ್ತದೆ. ಒಂದು ಮೀನಿನ ಕಾಯಿಲೆಗೆ ಮದ್ದು ಹಾಕಲು ಹೋಗಿ ಹದಿನಾಲ್ಕನ್ನೂ ಕಳೆದುಕೊಳ್ಳುವ ದಾರಿ ಅದು.

ನಿಮ್ಮ ಎರಡು ಮೀನುಗಳದ್ದು ಒಂದೇ ಕಾಯಿಲೆಯಲ್ಲ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಯೆಲ್ಲೊ ಲ್ಯಾಬ್‌ಗೆ ಕಾಯಿಲೆಯೇ ಇಲ್ಲ, ಅದರ ಬಾಯಿಯಲ್ಲಿ ಮೊಟ್ಟೆ ಅಥವಾ ಮರಿಗಳಿವೆ. ಡೆಮಸೋನಿಯ ಸ್ಥಿತಿ ಮಾತ್ರ ಗಂಭೀರ. ಮೇವು ಬಿಡುವುದೊಂದೇ ಇವೆರಡರ ನಡುವಿನ ಸಮಾನ ಅಂಶ. ಆ ಒಂದು ಲಕ್ಷಣವನ್ನೇ ಹಿಡಿದು ಔಷಧ ಹಾಕುವುದರಿಂದ ಬಾಣಂತಿ ಮೀನುಗಳೇ ಹೆಚ್ಚಾಗಿ ಬಲಿಯಾಗುತ್ತವೆ: ಬಲೆ ಹಾಕಿ ಹಿಡಿದ ಗಾಬರಿಗೆ ಮೊಟ್ಟೆಗಳನ್ನೆಲ್ಲ ಉಗುಳುತ್ತವೆ, ಮಾಲೀಕರು ಅದನ್ನು ವಾಂತಿ ಎಂದುಕೊಂಡು ಔಷಧದ ಪ್ರಮಾಣ ಏರಿಸುತ್ತಾರೆ.

ಇವತ್ತು ಸಂಜೆ ಟ್ಯಾಂಕಿನ ಮುಂದೆ ಸುಮ್ಮನೆ ಕುಳಿತು ನೋಡಿ. ಊತ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಮೊಟ್ಟೆ ಹೊತ್ತ ಹೆಣ್ಣಿನಲ್ಲಿ ಊತ ದವಡೆಯ ಕೆಳಗೆ, ಗಲ್ಲದ ಚೀಲದಲ್ಲಿ ಇರುತ್ತದೆ. ಅದೇ ಹೊತ್ತಿಗೆ ಹೊಟ್ಟೆ ಒಳಕ್ಕೆ ಸರಿದಿರುತ್ತದೆ, ಏಕೆಂದರೆ ಅದು ಉಪವಾಸ. ರೋಗದ ಮೀನಿನಲ್ಲಿ ಊತ ಎದೆಯ ರೆಕ್ಕೆಗಳ ಹಿಂದೆ, ಹೊಟ್ಟೆಯ ಎರಡೂ ಬದಿಯಲ್ಲಿ. ಎರಡನೆಯದಾಗಿ ಬಾಯಿಯನ್ನು ಗಮನಿಸಿ. ತಾಯಿ ಮೀನು ಬಾಯಿ ಪೂರ್ತಿ ಮುಚ್ಚಲಾರದು, ಆಗಾಗ ಎಲೆ ಅಡಿಕೆ ಜಗಿಯುವಂತೆ ದವಡೆ ಆಡಿಸುತ್ತದೆ. ಅದು ಮೊಟ್ಟೆಗಳನ್ನು ಹೊರಳಿಸಿ ಅವುಗಳಿಗೆ ಗಾಳಿ ನೀರು ತಾಗಿಸುವ ಕೆಲಸ. ಕೊನೆಯ ವಾರದಲ್ಲಿ ಹಳದಿ ಗಲ್ಲದ ತೆಳು ಚರ್ಮದ ಮೂಲಕ ಮರಿಗಳ ಕಣ್ಣಿನ ಕಪ್ಪು ಚುಕ್ಕಿಗಳು ಕಂಡರೂ ಕಾಣಬಹುದು. ಮೂರನೆಯದು ನಡತೆ. ತಾಯಿ ಕಲ್ಲಿನ ಸಂದಿ ಹಿಡಿದು ಕೂತಿದ್ದರೂ ಎಚ್ಚರವಾಗಿರುತ್ತದೆ, ಹತ್ತಿರ ಬಂದವರನ್ನು ಅಟ್ಟುತ್ತದೆ, ಬಣ್ಣ ಹೊಳೆಯುತ್ತದೆ. ರೋಗಿ ನೀರಿನ ಮೇಲ್ಮೈ ಬಳಿ ಅಥವಾ ಫಿಲ್ಟರಿನ ಹಿಂದೆ ರೆಕ್ಕೆ ಮುದುಡಿಕೊಂಡು ನಿಲ್ಲುತ್ತದೆ, ಉಸಿರು ವೇಗವಾಗಿರುತ್ತದೆ, ಯಾರಾದರೂ ಕಚ್ಚಿದರೂ ತಿರುಗಿ ಬೀಳುವುದಿಲ್ಲ.

ನಮ್ಮ ಕೆರೆಗಳ ಜಿಲೇಬಿ ಮೀನು ಕೂಡ ಇದೇ ಸಿಕ್ಲಿಡ್ ಕುಟುಂಬದ್ದು, ಅದರ ಹೆಣ್ಣೂ ಹೀಗೆಯೇ ಬಾಯಲ್ಲಿ ಮರಿ ಸಾಕುತ್ತದೆ. ಕೆರೆಯಂಚಿನಲ್ಲಿ ಮೀನು ಹಿಡಿಯುವವರಿಗೆ ಗೊತ್ತಿರುವ ಈ ಸಂಗತಿ ಅಕ್ವೇರಿಯಂ ಅಂಗಡಿಗಳಿಗೆ ಇನ್ನೂ ತಲುಪಿಲ್ಲ ಎನ್ನುವುದು ನನಗೆ ಸ್ವಲ್ಪ ಸೋಜಿಗದ ವಿಷಯ.

ನಿಮ್ಮ ದೊಡ್ಡ ಟ್ಯಾಂಕಿನ ಮೀನುಗಳೆಲ್ಲ ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬಾಳುವ ಎಂಬೂನ ಗುಂಪಿನವು. ಈ ಗುಂಪಿನ ಸಿಕ್ಲಿಡ್‌ಗಳು ಕೂಡುವ ಕ್ರಮವನ್ನು ಒಮ್ಮೆ ಗುರುತಿಸಿಕೊಂಡರೆ ಮುಂದಿನ ಬಾರಿ ಗಾಬರಿಯಾಗುವುದಿಲ್ಲ. ಗಂಡಿನ ಬಣ್ಣ ಗಾಢವಾಗುತ್ತದೆ. ಯೆಲ್ಲೊ ಲ್ಯಾಬ್‌ನಲ್ಲಿ ಹೊಟ್ಟೆಯ ಕೆಳಗಿನ ರೆಕ್ಕೆಗಳ ಕಪ್ಪು ದಟ್ಟವಾಗುತ್ತದೆ. ಒಂದು ಕಲ್ಲಿನ ಬುಡದಲ್ಲಿ ಮರಳು ಎತ್ತಿ ಗುಂಡಿ ತೋಡಿ, ಅಲ್ಲಿ ಮೈ ನಡುಗಿಸುತ್ತಾ ಹೆಣ್ಣನ್ನು ಕರೆಯುತ್ತದೆ. ಆಮೇಲೆ ಎರಡೂ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ಸುತ್ತುತ್ತವೆ. ಹೆಣ್ಣು ಮೊಟ್ಟೆ ಇಟ್ಟ ತಕ್ಷಣ ತಿರುಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಗಂಡಿನ ಗುದದ್ವಾರದ ಹಿಂದಿನ ರೆಕ್ಕೆಯ ಮೇಲೆ ಮೊಟ್ಟೆಯಂತೆಯೇ ಕಾಣುವ ಹಳದಿ ಚುಕ್ಕಿಗಳಿರುತ್ತವೆ. ಹೆಣ್ಣು ಅವನ್ನೂ ಮೊಟ್ಟೆ ಎಂದು ಎತ್ತಿಕೊಳ್ಳಲು ಬಾಯಿ ಹಾಕಿದಾಗ ಗಂಡಿನ ವೀರ್ಯ ಬಾಯೊಳಗೆ ಸೇರಿ ಮೊಟ್ಟೆಗಳು ಅಲ್ಲಿಯೇ ಫಲಿತವಾಗುತ್ತವೆ ಎಂದು ಜರ್ಮನಿಯ ಪ್ರಾಣಿವರ್ತನೆಯ ವಿಜ್ಞಾನಿ ವುಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ವಿವರಿಸಿದರು. ಎಲ್ಲ ಜಾತಿಗಳಲ್ಲೂ ಆ ಚುಕ್ಕಿಗಳ ಪಾತ್ರ ಅಷ್ಟೇ ದೊಡ್ಡದೇ ಎಂಬ ಚರ್ಚೆ ಆಮೇಲೆ ನಡೆದಿದೆ. ನಿಮ್ಮ ಟ್ಯಾಂಕಿನ ಮಟ್ಟಿಗೆ ಆ ಸುತ್ತಾಟ ಕಂಡರೆ ಸಾಕು, ಅವತ್ತಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಮರಿಗಳು ಹೊರಬರಲು ನೀರಿನ ಉಷ್ಣತೆಗೆ ತಕ್ಕಂತೆ ಮೂರರಿಂದ ನಾಲ್ಕು ವಾರ ಬೇಕು. ಹನ್ನೆರಡು ದಿನ ಎಂದರೆ ನಿಮ್ಮ ಹೆಣ್ಣು ಅರ್ಧ ದಾರಿ ಬಂದಿದೆ. ಈಗ ಮುಟ್ಟಬೇಡಿ. ಹದಿನೆಂಟನೇ ದಿನದ ಹೊತ್ತಿಗೆ, ರಾತ್ರಿ ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ, ಮೆಲ್ಲಗೆ ಬೇರೆ ಟ್ಯಾಂಕಿಗೆ ಸಾಗಿಸಿ. ಮುಖ್ಯ ಟ್ಯಾಂಕಿನದೇ ನೀರು, ಅದೇ ಟ್ಯಾಂಕಿನಲ್ಲಿ ಮೊದಲೇ ಓಡಿಸಿಟ್ಟ ಸ್ಪಂಜ್ ಫಿಲ್ಟರ್, ಅಡಗಲು ಒಂದು ಹೂಕುಂಡ, ಇಷ್ಟಿದ್ದರೆ ಆಯಿತು. ಯೆಲ್ಲೊ ಲ್ಯಾಬ್ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ಮರಿ ಬಿಡುತ್ತದೆ. ಹೊರಬಂದ ದಿನವೇ ಅವು ಪುಡಿ ಮಾಡಿದ ಮೇವನ್ನೂ ಮೊಟ್ಟೆಯಿಂದ ಆಗತಾನೇ ಹೊರಬಂದ ಆರ್ಟೀಮಿಯ ಎಂಬ ಪುಟ್ಟ ಸೀಗಡಿಯ ಮರಿಗಳನ್ನೂ ತಿನ್ನಬಲ್ಲವು. ಚೊಚ್ಚಲ ಹೆಣ್ಣು ನಡುವೆಯೇ ಮೊಟ್ಟೆ ನುಂಗಿಬಿಡುವುದೂ ಉಂಟು, ಬೇಸರ ಬೇಡ. ಬಾಯಿ ಬಿಡಿಸಿ ಮರಿ ತೆಗೆಯುವ ವಿದ್ಯೆಯನ್ನು ವಿಡಿಯೊ ನೋಡಿ ಪ್ರಯೋಗ ಮಾಡಬೇಡಿ, ದವಡೆ ಮುರಿಯುತ್ತದೆ. ಮರಿ ಬಿಟ್ಟ ತಾಯಿಗೆ ಕೆಲವು ದಿನ ಅಲ್ಲಿಯೇ ಸ್ವಲ್ಪಸ್ವಲ್ಪವಾಗಿ ಮೇವು ಕೊಟ್ಟು, ಮೈ ತುಂಬಿದ ಮೇಲೆ ದೊಡ್ಡ ಟ್ಯಾಂಕಿಗೆ ಮರಳಿಸಿ. ಬಡಕಲಾಗಿ ಹೋದರೆ ಉಳಿದವು ಅದನ್ನು ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಿಮ್ಮಲ್ಲಿ ರೆಡ್ ಜೀಬ್ರಾ ಕೂಡ ಇರುವುದರಿಂದ ಮರಿಗಳ ತಂದೆ ಯಾರೆಂದು ಖಚಿತವಾಗಿ ಹೇಳಲಾಗುವುದಿಲ್ಲ. ಇವೆರಡೂ ಅಕ್ವೇರಿಯಂನಲ್ಲಿ ಸುಲಭವಾಗಿ ಬೆರೆಯುತ್ತವೆ. ಮರಿಗಳನ್ನು ಸಾಕಿಕೊಳ್ಳಿ, ಗೆಳೆಯರಿಗೆ ಕೊಡಿ, ಆದರೆ ಶುದ್ಧ ಯೆಲ್ಲೊ ಲ್ಯಾಬ್ ಎಂದು ಮಾತ್ರ ಹೇಳಬೇಡಿ.

ಈಗ ಡೆಮಸೋನಿಗೆ ಬರೋಣ. ಮೇವನ್ನು ಬಾಯಿಗೆ ತೆಗೆದುಕೊಂಡು ಉಗುಳುವುದು, ಬಿಳಿ ದಾರದಂಥ ಮಲ, ಗುಂಪಿನಿಂದ ದೂರ ನಿಲ್ಲುವುದು, ಆಮೇಲೆ ಹೊಟ್ಟೆ ಊದುವುದು: ಇದನ್ನು ಸಾಕಣೆದಾರರು ಮಲಾವಿ ಬ್ಲೋಟ್ ಎನ್ನುತ್ತಾರೆ. ಇದಕ್ಕೆ ಒಂದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಕರುಳಿನಲ್ಲಿ ಸ್ಪೈರೋನ್ಯೂಕ್ಲಿಯಸ್‌ನಂಥ, ಚಾಟಿಯಂಥ ಎಳೆಗಳಿಂದ ಈಜುವ ಏಕಕೋಶ ಜೀವಿಗಳು ಅನೇಕ ಆರೋಗ್ಯವಂತ ಮೀನುಗಳಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತವೆ. ಒಗ್ಗದ ಮೇವು, ಕೊಳೆ ನೀರು, ಬಲಿಷ್ಠ ಮೀನಿನ ಕಾಟ, ಇವುಗಳಿಂದ ಮೀನು ಸೋತಾಗ ಅವು ಹೆಚ್ಚುತ್ತವೆ. ಕರುಳಿನ ಒಳಪದರ ಕಳಚಿ ಲೋಳೆಯಾಗಿ ಹೊರಬರುವುದೇ ಆ ಬಿಳಿ ದಾರ. ಕೊನೆಗೆ ಮೂತ್ರಪಿಂಡ, ಯಕೃತ್ತು ಕೈಕೊಟ್ಟು ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ಇಲ್ಲಿ ಸಮಯವೇ ಎಲ್ಲ. ಮೇವು ಬಿಟ್ಟು ಇನ್ನೂ ಊದದಿರುವ ಕೆಲವು ದಿನಗಳಲ್ಲಿ ಚಿಕಿತ್ಸೆ ಆರಂಭವಾದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಹೊಟ್ಟೆ ಉಬ್ಬಿ, ಹುರುಪೆಗಳು ಮೇಲೆದ್ದು ನಿಂತ ಮೇಲೆ ಉಳಿಯುವುದು ಅಪರೂಪ. ಡೆಮಸೋನಿಯ ಹೊಟ್ಟೆ ಊದಿದೆ ಎಂದು ನೀವು ಬರೆದಿಲ್ಲ, ಆದ್ದರಿಂದ ಇವತ್ತೇ ಆ ಮೀನನ್ನು ಬೇರೆ ಮಾಡಿ. ಮೂವತ್ತು ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಡಬ್ಬವಾದರೂ ಸರಿ. ಒಂದು ಏರ್ ಪಂಪ್, ಉಷ್ಣತೆ 27 ಡಿಗ್ರಿ, ಬೆಳಕು ಕಡಿಮೆ.

ಔಷಧ ಮೆಟ್ರೊನಿಡಜೋಲ್. ಮನುಷ್ಯರ ಔಷಧ ಅಂಗಡಿಯಲ್ಲಿ ಸಿಗುವ ಮಾತ್ರೆಯೇ ಆಗುತ್ತದೆ, ಆದರೆ ಅದಕ್ಕೆ ವೈದ್ಯರ ಚೀಟಿ ಬೇಕು. ಆದ್ದರಿಂದ ಮೀನುಗಳ ಬಗ್ಗೆ ತಿಳಿದಿರುವ ಪಶುವೈದ್ಯರೊಬ್ಬರನ್ನು ಕೇಳಿ ತೆಗೆದುಕೊಳ್ಳಿ. ಬೇರೆ ಯಾವ ಔಷಧವೂ ಬೆರೆಯದ ಮಾತ್ರೆಯಾಗಿರಬೇಕು. ಭೇದಿಗೆಂದು ಮಾರುವ ಮಿಶ್ರ ಮಾತ್ರೆ ಬೇಡ. ಮೂವತ್ತು ಲೀಟರ್ ನೀರಿಗೆ 200 ಮಿಲಿಗ್ರಾಮಿನ ಒಂದು ಮಾತ್ರೆಯನ್ನು ನುಣ್ಣಗೆ ಅರೆದು, ಒಂದು ಲೋಟ ನೀರಿನಲ್ಲಿ ಕದಡಿ ಹಾಕಿ. ದಿನ ಬಿಟ್ಟು ದಿನ, ಒಟ್ಟು ಮೂರು ಸಲ. ಪ್ರತಿ ಸಲವೂ ಹಾಕುವ ಮೊದಲು ಮುಕ್ಕಾಲು ಭಾಗ ನೀರು ಬದಲಾಯಿಸಿ, ಏಕೆಂದರೆ ಆ ಡಬ್ಬದಲ್ಲಿ ಪಳಗಿದ ಫಿಲ್ಟರ್ ಇರುವುದಿಲ್ಲ. ಹೊಟ್ಟೆ ಊದುವ ಸೂಚನೆ ಕಂಡರೆ ಜೊತೆಗೆ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಇಪ್ಪತ್ತು ಲೀಟರಿಗೆ ಒಂದು ಚಹಾ ಚಮಚದಂತೆ ಕರಗಿಸಿ ಹಾಕಬಹುದು. ಅದು ಒಳಗಿನ ನೀರನ್ನು ಸೆಳೆಯಲು ನೆರವಾಗುತ್ತದೆ. ಅಡುಗೆ ಉಪ್ಪು ಈ ಕೆಲಸ ಮಾಡುವುದಿಲ್ಲ.

ಔಷಧ ಬೆರೆಸಿದ ಮೇವು ಇದಕ್ಕಿಂತ ಪರಿಣಾಮಕಾರಿ ಎಂದು ನೀವು ಓದಿರಬಹುದು. ನಿಜ, ಆದರೆ ಅದು ತಿನ್ನುತ್ತಿರುವ ಮೀನಿಗೆ. ಬಾಯಿಗೆ ಹಾಕಿದ್ದನ್ನೆಲ್ಲ ಉಗುಳುವ ಮೀನಿಗೆ ನೀರಿನ ಮೂಲಕ ಕೊಡುವುದೊಂದೇ ದಾರಿ. ಮತ್ತೆ ತಿನ್ನಲು ಶುರು ಮಾಡಿದರೆ, ಅಥವಾ ಮುಖ್ಯ ಟ್ಯಾಂಕಿನಲ್ಲಿ ಇನ್ನೊಂದು ಮೀನು ಉಗುಳಲು ಶುರು ಮಾಡಿದರೆ ಇನ್ನೂ ತಿನ್ನುತ್ತಿರುವ ಉಳಿದವಕ್ಕೆ, ಒಂದು ಗ್ರಾಂ ಮೇವಿಗೆ ಹತ್ತು ಮಿಲಿಗ್ರಾಮಿನಂತೆ ಬೆರೆಸಿ ಐದು ದಿನ ಕೊಡಬಹುದು. ಆದರೆ ಮೊಟ್ಟೆ ಹೊತ್ತ ಹೆಣ್ಣಿರುವ ಟ್ಯಾಂಕಿಗೆ, ಇನ್ನೂ ಯಾರೂ ಕಾಯಿಲೆ ಬೀಳದಿರುವಾಗ, ಮುಂಜಾಗ್ರತೆ ಎಂದು ಔಷಧ ಸುರಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕಾಯಿಲೆಗೆ ಬಾಗಿಲು ತೆರೆದದ್ದು ನೀವು ಕೊಡುತ್ತಿರುವ ಮೇವು ಎಂಬುದು ನನ್ನ ಬಲವಾದ ಅನುಮಾನ. ಮಲಾವಿ ಸರೋವರದ ಬಂಡೆಗಳ ಮೇಲೆ ಪಾಚಿಯ ದಟ್ಟ ಹೊದಿಕೆಯಿದೆ. ಎಂಬೂನ ಮೀನುಗಳು ದಿನವಿಡೀ ಅದನ್ನು ಕೆರೆಯುತ್ತಾ, ಕಚ್ಚುತ್ತಾ ಇರುತ್ತವೆ. ಅದರೊಳಗೆ ಸಿಗುವ ಸಣ್ಣ ಹುಳುಗಳನ್ನೂ ಸೀಗಡಿಯಂಥ ಅತಿ ಸೂಕ್ಷ್ಮ ಜೀವಿಗಳನ್ನೂ ಪಾಚಿಯ ಜೊತೆಗೇ ನುಂಗುತ್ತವೆ. ಹೀಗೆ ಪೌಷ್ಟಿಕಾಂಶ ಕಡಿಮೆ, ನಾರು ಹೆಚ್ಚು ಇರುವ ಊಟಕ್ಕೆ ತಕ್ಕಂತೆ ಅವುಗಳ ಕರುಳು ಉದ್ದವಾಗಿ ಸುರುಳಿ ಸುತ್ತಿಕೊಂಡಿದೆ. ಡೆಮಸೋನಿ, 1994ರಲ್ಲಿ ಸಿಕ್ಲಿಡ್ ತಜ್ಞ ಆಡ್ ಕೋನಿಂಗ್ಸ್ ಮೊದಲು ವಿವರಿಸಿದ, ಸರೋವರದ ಟಾಂಜಾನಿಯ ಕಡೆಯ ಪೊಂಬೊ ಬಂಡೆಗಳ ಪುಟ್ಟ ಮೀನು. ಪಾಚಿ ತಿನ್ನುವವರಲ್ಲೂ ಅದು ಕಟ್ಟುನಿಟ್ಟಿನದು. ಅದಕ್ಕೆ ಮೂರು ಹೊತ್ತು ಹುಳು ಕೊಟ್ಟರೆ ಆ ಉದ್ದ ಕರುಳಿನಲ್ಲಿ ಅದು ತುಂಬಾ ಹೊತ್ತು ಉಳಿದು ಕೆಡುತ್ತದೆ. ಯೆಲ್ಲೊ ಲ್ಯಾಬ್ ಬೇರೆ ಸ್ವಭಾವದ್ದು. ಅದು ಹುಟ್ಟಿದ ನೀರಿನಲ್ಲಿ ಕೀಟದ ಮರಿಗಳನ್ನೂ ಸಣ್ಣ ಬಸವನಹುಳುಗಳನ್ನೂ ಹೆಕ್ಕಿ ತಿನ್ನುತ್ತದೆ. ಆದ್ದರಿಂದಲೇ ಅದೇ ಮೇವು ತಿಂದ ನಿಮ್ಮ ಹಳದಿ ಮೀನುಗಳು ಮೊಟ್ಟೆಯಿಟ್ಟು ಚೆನ್ನಾಗಿವೆ, ನೀಲಿ ಮೀನು ನರಳುತ್ತಿದೆ. ಒಂದೇ ಸರೋವರದ ಮೀನು ಎಂದ ಮಾತ್ರಕ್ಕೆ ಒಂದೇ ಪಂಕ್ತಿಯ ಊಟ ಒಗ್ಗುವುದಿಲ್ಲ.

ಹಾಗೆಂದು ಇವು ಸಸ್ಯಾಹಾರಿಗಳು ಎಂಬ ಮಾತನ್ನೂ ಅತಿಗೆ ಒಯ್ಯಬೇಡಿ. ಸರೋವರದಲ್ಲಿ ತೇಲುಜೀವಿಗಳು ಹೇರಳವಾದಾಗ ಪಾಚಿ ತಿನ್ನುವ ಎಂಬೂನಗಳೂ ಅದರ ಮೇಲೆ ಮುಗಿಬೀಳುತ್ತವೆ. ಯಾವಾಗಲಾದರೂ ಡ್ಯಾಫ್ನಿಯ, ಸೈಕ್ಲಾಪ್ಸ್‌ನಂಥ ಪುಟ್ಟ ತೇಲುಜೀವಿಗಳನ್ನು ಸ್ವಲ್ಪ ಕೊಟ್ಟರೆ ತಪ್ಪಿಲ್ಲ. ಜೀರ್ಣವಾಗದಷ್ಟು ಕೊಬ್ಬು, ಜೀರ್ಣವಾಗಲು ಬಿಡದಷ್ಟು ಮೇವು, ಇವೇ ಕೆಡುಕು. ಕೋಳಿಯ ಹೃದಯವನ್ನು ಇವತ್ತಿನಿಂದಲೇ ನಿಲ್ಲಿಸಿ. ಬಿಸಿರಕ್ತದ ಪ್ರಾಣಿಯ ಕೊಬ್ಬನ್ನು ಅರಗಿಸಿಕೊಳ್ಳಲು ಈ ಮೀನಿನ ಒಡಲು ಹೊಂದಿಕೊಂಡಿಲ್ಲ. ಟ್ಯೂಬಿಫೆಕ್ಸ್ ಬೆಳೆಯುವುದು ಕೊಳಚೆಯಲ್ಲಿ. ಜೀವಂತ ಟ್ಯೂಬಿಫೆಕ್ಸ್ ರೋಗಾಣುಗಳನ್ನು ಹೊತ್ತು ತರಬಹುದು. ಒಣಗಿಸಿದ್ದರಲ್ಲಿ ಆ ಭಯ ಕಡಿಮೆ ಇದ್ದರೂ ನಿಮ್ಮ ಮೀನಿಗೆ ಅದರ ಅಗತ್ಯವೇ ಇಲ್ಲ.

ಮುಂದೆ ನಿತ್ಯದ ಊಟ ಸ್ಪಿರುಲಿನ ಎಂಬ ನೀಲಿ-ಹಸಿರು ಪಾಚಿಯ ಪೆಲೆಟ್, ಅಂದರೆ ಗುಳಿಗೆ ಮೇವು, ಆಗಿರಲಿ. ಡಬ್ಬದ ಮುಂಭಾಗದ ಚಿತ್ರ ನಂಬದೆ ಹಿಂಭಾಗದ ಪಟ್ಟಿ ಓದಿ: ಸ್ಪಿರುಲಿನ ಮೊದಲ ಎರಡು ಮೂರು ಪದಾರ್ಥಗಳಲ್ಲಿ ಇರಬೇಕು. ಗೋಧಿಹಿಟ್ಟೇ ಮೊದಲಿದ್ದರೆ ಅದು ಹಸಿರು ಬಣ್ಣದ ಬಿಸ್ಕತ್ತು ಅಷ್ಟೆ. ವಾರಕ್ಕೆರಡು ಸಲ ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಎಲೆ, ಬೇಯಿಸಿ ಸಿಪ್ಪೆ ಸುಲಿದ ಬಟಾಣಿ ಅಥವಾ ಸೌತೆಕಾಯಿಯ ಬಿಲ್ಲೆ ಕೊಡಿ. ಉಪ್ಪು, ಎಣ್ಣೆ ಸೋಕಿರಬಾರದು. ಉಳಿದದ್ದನ್ನು ಸಂಜೆಯೊಳಗೆ ತೆಗೆಯಿರಿ. ದಿನಕ್ಕೆ ಎರಡು ಹೊತ್ತು, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಉಪವಾಸ. ಮನೆಗೆ ಬಂದವರೆಲ್ಲ ಚಿಟಿಕೆ ಚಿಟಿಕೆ ಮೇವು ಹಾಕುವ ಅಭ್ಯಾಸವಿದ್ದರೆ ಡಬ್ಬವನ್ನು ಬೀರುವಿನಲ್ಲಿಡಿ. ಸಿಕ್ಲಿಡ್ ಗಾಜಿನ ಬಳಿ ಬಂದು ಬೇಡುವುದು ಹಸಿವಿನಿಂದಲ್ಲ, ನಿಮ್ಮನ್ನು ಗುರುತು ಹಿಡಿದಿರುವುದರಿಂದ.

ಕಾಟದ ವಿಷಯವನ್ನೂ ಹೇಳಿಬಿಡುತ್ತೇನೆ. ಆರಟಸ್ ಗಂಡು ಎಂಬೂನಗಳಲ್ಲೇ ಜಗಳಗಂಟ. ನಿಮ್ಮ ಅಳತೆಯ ಟ್ಯಾಂಕಿನಲ್ಲಿ, ಕಲ್ಲು ಮರಳು ಕಳೆದರೆ, ಇನ್ನೂರು ಲೀಟರಿಗಿಂತ ತುಸು ಹೆಚ್ಚು ನೀರು ಇದ್ದೀತು. ಅದರಲ್ಲಿ ಅದು ಯಜಮಾನನಾಗಿಬಿಡುತ್ತದೆ. ಐದೇ ಡೆಮಸೋನಿ ಇರುವುದೂ ತೊಂದರೆಯೇ. ಅವು ತಮ್ಮವರನ್ನೇ ಅಟ್ಟುವ ಜಾತಿ. ಹನ್ನೆರಡಕ್ಕಿಂತ ಹೆಚ್ಚಿದ್ದರೆ ಪೆಟ್ಟು ಹಂಚಿಹೋಗುತ್ತದೆ, ಐದಿದ್ದರೆ ಒಂದೊಂದಾಗಿ ಸೋಲುತ್ತವೆ. ಆರಟಸ್ ಅನ್ನು ಅಂಗಡಿಗೆ ಹಿಂದಿರುಗಿಸಿ. ತಾಯಿ ಮೀನನ್ನು ಬೇರೆ ಮಾಡಿದ ಮೇಲೆ ಕಲ್ಲುಗಳ ಜೋಡಣೆಯನ್ನೂ ಬದಲಿಸಿ, ಹಳೆಯ ಗಡಿಗಳು ಅಳಿಸಿಹೋಗುತ್ತವೆ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲಾವಿ ಸರೋವರದ ಪಿಎಚ್ ಸುಮಾರು 7.7ರಿಂದ 8.6, ಉಷ್ಣತೆ 24ರಿಂದ 28 ಡಿಗ್ರಿ. ನಿಮ್ಮ ಬೋರ್‌ವೆಲ್ ನೀರು ಅದಕ್ಕೆ ಹತ್ತಿರವಿದೆ, ಪುಡಿ ಹಾಕಿ ತಿದ್ದಲು ಹೋಗಬೇಡಿ. ವಾರಕ್ಕೆ ಕಾಲು ಭಾಗ ಬದಲಾಯಿಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಬೋರ್‌ವೆಲ್ ನೀರಿನಲ್ಲಿ ಮೊದಲೇ ನೈಟ್ರೇಟ್ ಇರುವುದುಂಟು, ಆದ್ದರಿಂದ ಟ್ಯಾಂಕಿನ ನೀರನ್ನು ಮಾತ್ರವಲ್ಲ, ನಲ್ಲಿಯ ನೀರನ್ನೂ ಒಮ್ಮೆ ಪರೀಕ್ಷಿಸಿ.

ನಿಮ್ಮ ಏಂಜಲ್ ಜೋಡಿಗೆ ಯಾವ ರೋಗವೂ ಇಲ್ಲ. ಅಮೆಜಾನ್ ಕಡೆಯ ಈ ಸಿಕ್ಲಿಡ್‌ಗಳು ಬಾಯಲ್ಲಿ ಮೊಟ್ಟೆ ಹೊರುವುದಿಲ್ಲ, ನೆಟ್ಟಗೆ ನಿಂತ ಎಲೆ ಅಥವಾ ಕೊಂಬೆಗೆ ಅಂಟಿಸುತ್ತವೆ. ಕೊಳವೆ ಕುಕ್ಕುವುದು ಆ ಜಾಗವನ್ನು ಉಜ್ಜಿ ಸ್ವಚ್ಛಗೊಳಿಸುವ ಕೆಲಸ. ಎರಡರ ಹೊಟ್ಟೆಯಡಿ ಚಿಕ್ಕ ನಳಿಕೆ ಇಳಿದಿದೆಯೇ ನೋಡಿ: ದಪ್ಪವಾಗಿ ಮೊಂಡಾಗಿದ್ದರೆ ಹೆಣ್ಣು, ಸಣ್ಣಗೆ ಚೂಪಾಗಿದ್ದರೆ ಗಂಡು. ಎರಡೂ ದಪ್ಪವಾಗಿದ್ದರೆ ಅವೆರಡೂ ಹೆಣ್ಣು. ಹೆಣ್ಣು ಹೆಣ್ಣೇ ಜೋಡಿಯಾಗಿ ಮೊಟ್ಟೆಯಿಟ್ಟು ಕಾಯುವುದೂ ಇದೆ, ಆ ಮೊಟ್ಟೆಗಳೆಲ್ಲ ಬೆಳ್ಳಗಾಗುತ್ತವೆ. ಫಲಿತ ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆದು, ಒಂದು ವಾರದಲ್ಲಿ ಮರಿ ಈಜುತ್ತದೆ. ಮೊದಲ ಕೆಲವು ಸಲ ಅವುಗಳೇ ಮೊಟ್ಟೆ ತಿಂದರೆ ಜೋಡಿಯನ್ನು ಬೇರೆ ಮಾಡಬೇಡಿ. ಗಡಸು ನೀರಿನಲ್ಲಿ ಮೊಟ್ಟೆ ಒಡೆಯುವುದು ಕಡಿಮೆ, ಆದ್ದರಿಂದ ಈ ಟ್ಯಾಂಕಿಗೆ ಮಾತ್ರ ಬೋರ್‌ವೆಲ್ ನೀರಿಗೆ ಅರ್ಧದಷ್ಟು ಆರ್‌ಓ ನೀರು ಬೆರೆಸುತ್ತಾ ಬನ್ನಿ, ಒಮ್ಮೆಲೇ ಅಲ್ಲ, ಕೆಲವು ವಾರಗಳಲ್ಲಿ.

ಭಾವನವರ ಆಸ್ಕರ್‌ಗೆ ಇರುವುದು ತಲೆಗುಳಿ ರೋಗ. ಅದರಲ್ಲೂ ಸ್ಪೈರೋನ್ಯೂಕ್ಲಿಯಸ್ ಹೆಸರು ಕೇಳಿಬರುತ್ತದೆ, ಆದರೆ ಮೆಟ್ರೊನಿಡಜೋಲ್‌ನಿಂದ ಶುರು ಮಾಡಬೇಡಿ. ಅವರನ್ನು ಎರಡು ಪ್ರಶ್ನೆ ಕೇಳಿ: ನೀರು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ತಿನ್ನಲು ಜೀವಂತ ಗೋಲ್ಡ್‌ಫಿಷ್ ಹಾಕುತ್ತಾರೆಯೇ? ಆಸ್ಕರ್ ಮೂವತ್ತು ಸೆಂಟಿಮೀಟರ್ ಬೆಳೆಯುವ ಮೀನು, ಅದರ ಹೊಲಸೂ ಅಷ್ಟೇ ದೊಡ್ಡದು. ನೈಟ್ರೇಟ್ ಏರಿದ ನೀರು, ಜೀವಸತ್ವಗಳ ಕೊರತೆ, ಇವೆರಡು ಸರಿಯಾಗದೆ ಗುಳಿ ಮಾಯುವುದಿಲ್ಲ. ಗೋಲ್ಡ್‌ಫಿಷ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆಯುತ್ತದೆ. ಅದೇ ನಿತ್ಯದ ಊಟವಾದರೆ ಹೊಟ್ಟೆ ತುಂಬಿದ ಮೀನೂ ಸೊರಗುತ್ತದೆ. ಜೀವಸತ್ವ ಸಿ ಸೇರಿಸಿದ ಒಳ್ಳೆಯ ಪೆಲೆಟ್, ಆಗಾಗ ಸಿಪ್ಪೆ ಸುಲಿದ ಸೀಗಡಿ ಕೊಟ್ಟು, ವಾರಕ್ಕೆರಡು ಸಲ ಮೂರನೇ ಒಂದು ಭಾಗ ನೀರು ಬದಲಿಸಲಿ. ಒಂದು ತಿಂಗಳಲ್ಲಿ ಗುಳಿಯ ಅಂಚು ಬೆಳ್ಳಗಾಗುವುದು ನಿಂತು ಮಾಂಸ ತುಂಬಿಕೊಳ್ಳತೊಡಗಬೇಕು. ಆಗಲೂ ಗುಳಿ ಆಳವಾಗುತ್ತಲೇ ಇದ್ದರೆ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬಲ್ಲ ವೈದ್ಯರಿಗೆ ತೋರಿಸಿ, ಅವರು ಹೇಳಿದ ಮೇಲೆ ಔಷಧ. ಆಳವಾದ ಗುಳಿಗಳ ಕಲೆ ಮಾತ್ರ ಉಳಿಯಬಹುದು. ಅದರಿಂದ ಮೀನಿಗೆ ತೊಂದರೆಯೇನಿಲ್ಲ.